ಮಾಸ್ತರರ ಕಿಟಕಿ, ಕಳಕಪ್ಪನ ಹೂ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಳಕವ್ವನ ಮನೆಯ ಯಜಮಾನರು ಯಾರು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತಿದ್ದವು. ಪಂಚರ ಲೆಕ್ಕದಲ್ಲಿ ಕಳಕವ್ವ. ಓಣಿಯವರ ಲೆಕ್ಕದಲ್ಲಿ ಅವಳ ಪಡಸಾಲೆಯ ಜಗಲಿಯ ಮೇಲೆ ಕೂತಿದ್ದ ಕಳಕಪ್ಪ. ಈ ಕಳಕಪ್ಪ ಮನುಷ್ಯನಲ್ಲ, ಮನೆದೇವರು. ತೆಂಗಿನಕಾಯಿ ಗಾತ್ರದ ಒಂದು ಕರಿಯ ಕಲ್ಲು. ಕಳಕವ್ವನ ಗಂಡನ ಮುತ್ತಜ್ಜ ಯಾವುದೋ ಕಾಲದಲ್ಲಿ ಗುಡ್ಡದ ಹಳ್ಳದಿಂದ ಹೆಗಲ ಮೇಲೆ ಹೊತ್ತು ತಂದದ್ದಂತೆ. ಬಾಯಿಲ್ಲದ ಆ ಯಜಮಾನನನ್ನು ಮಾತಾಡಿಸಲು ಇದ್ದ ದಾರಿ ಒಂದೇ, ಹೂ ಕೇಳುವುದು. ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ, ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಅಂಟಿಸಿ, ಕೈಮುಗಿದು ಪ್ರಶ್ನೆ ಇಡಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಕಳಕವ್ವ ಎಲ್ಲವನ್ನೂ ಕೇಳುತ್ತಿದ್ದಳು. ಈ ಸಲ ಸೀರೆಗೆ ದಾಳಿಂಬರಿ ಬಣ್ಣವೋ ಗಿಣಿ ಹಸಿರೋ, ನೂಲು ತರಲು ಈ ವಾರ ಹೋಗಲೋ ಬರುವ ವಾರವೋ, ಹೊಸ ಕೆಲಸಗಾರನ ಮುಖ ನೋಡಿದರೆ ನಂಬಬಹುದೋ ಇಲ್ಲವೋ. ಅವಳ ಗಂಡ ತೀರಿಕೊಂಡಾಗ ಮಗಳು ಸುಶೀಲಾ ಇನ್ನೂ ತೊಟ್ಟಿಲಲ್ಲಿದ್ದಳು. ಹೆಣ್ಣುಮಗಳೊಬ್ಬಳು ಮಗ್ಗ ನಡೆಸುವುದುಂಟೇ, ಎಲ್ಲವನ್ನೂ ನನಗೆ ಬಿಟ್ಟು ಮೂಲೆಯಲ್ಲಿ ಕೂತಿರು ಎಂದು ಮೈದುನ ಫಕ್ಕೀರಪ್ಪ ಪಟ್ಟು ಹಿಡಿದಿದ್ದ. ಕಳಕವ್ವ ಅಂದು ಅವನೆದುರಿಗೇ ಹೂ ಇಟ್ಟು, ಮಗ್ಗ ನಾನೇ ನಡೆಸಲೇನೋ ಕಳಕಪ್ಪಾ ಎಂದು ಕೇಳಿದ್ದಳು. ಬಲಗಡೆಯ ಹೂ ಬಿತ್ತು. ಅತ್ತಿಗೆಯೊಡನೆ ಜಗಳ ಮಾಡಬಹುದು, ಕಲ್ಲಿನೊಡನೆ ಮಾಡುವುದು ಹೇಗೆ? ಫಕ್ಕೀರಪ್ಪ ತಲೆಗೆ ಪಟಗ ಸುತ್ತಿಕೊಂಡು ಹೊರಟುಹೋದ. ಅಂದಿನಿಂದ ಕಳಕವ್ವನಿಗೆ ಊರಲ್ಲಿ ಎದುರು ಮಾತಾಡುವವರು ಇರಲಿಲ್ಲ. ಅವಳ ಬೆನ್ನ ಹಿಂದೆ ಆ ಕರಿಕಲ್ಲು ನಿಂತಿತ್ತು.

ಇಂಥ ಮನೆಗೆ ಬಾಡಿಗೆಗೆ ಬಂದವರು ಪ್ರಭುಲಿಂಗಪ್ಪ ಮಾಸ್ತರರು. ನರಗುಂದದ ಕಾಳಿನ ವ್ಯಾಪಾರಸ್ಥರ ಮಗ. ಮನೆಯವರು ಅಡತಿ ಅಂಗಡಿಯಲ್ಲಿ ಕೂತು ಜೋಳ ತೂಗು ಎಂದರೆ, ತಕ್ಕಡಿ ಯಾಕೆ ವಾಲುತ್ತದೆ ಎಂದು ಕೇಳುತ್ತ ಧಾರವಾಡಕ್ಕೆ ಓಡಿಹೋಗಿ ವಿಜ್ಞಾನ ಓದಿಕೊಂಡು ಬಂದವರು. ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ದೇವರು ದಿಂಡರು ಎಂದರೆ ಅವರಿಗೆ ಮೈಯೆಲ್ಲ ತುರಿಕೆ. ಒಳ್ಳೆಯ ಮನುಷ್ಯ, ಆದರೆ ವಾದ ಮಾಡದೆ ಊಟ ಇಳಿಯುತ್ತಿರಲಿಲ್ಲ. ಕಳಕವ್ವನಿಗೂ ಅದೇ ರೋಗ. ಹಾಗಾಗಿ ಇಬ್ಬರಿಗೂ ಭಾಳ ಸರಿಹೋಗಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಮಾಸ್ತರರು ಪೇಪರ್ ಹಿಡಿದುಕೊಂಡು ಕುಣಿಯುತ್ತಲೇ ಪಡಸಾಲೆಗೆ ಬಂದಿದ್ದರು.

"ಕಳಕವ್ವಾರ, ಕೇಳ್ರಿಲ್ಲೆ! ರಷ್ಯಾದವರು ಆಕಾಶಕ್ಕ ಯಂತ್ರ ಹಾರ್ಸ್ಯಾರ. ಭೂಮಿ ಸುತ್ತ ತಿರಗಾಕತ್ತೈತಿ. ಅಲ್ಲೆ ಸ್ವರ್ಗನೂ ಇಲ್ಲ, ದೇವರೂ ಇಲ್ಲ!"

ಕಳಕವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಲಾಳಿ ನಿಲ್ಲಿಸಲಿಲ್ಲ.

"ಅದರಾಗ ಯಾರ ಕುಂತಾರ್ರಿ?"

"ಒಂದು ನಾಯಿ."

"ನಾಯಿ ಬಂದು ಹೇಳಿತೇನ್ರಿ, ದೇವರಿಲ್ಲ ಅಂತ?"

"ಅದು ಹೊಳ್ಳಿ ಬರಂಗಿಲ್ರಿ. ಮ್ಯಾಲ ಸಾಯತೈತಿ."

"ಹಂಗಂದ್ರ ಸೀದಾ ಅವನ ಹತ್ರನ ಹೋತು ಬಿಡ್ರಿ," ಎಂದಳು ಕಳಕವ್ವ. "ಪಾಪ, ನಾಯಿ."

ಮಾಸ್ತರರು ಪೇಪರ್ ಮಡಿಚಿ ಒಳಗೆ ಹೋದರು. ಅಂದು ರಾತ್ರಿ ಅವರ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಬಿದ್ದಿತ್ತು.

ಮಾಸ್ತರರ ಖೋಲಿ ಮೊದಲು ನೂಲು ಇಡುವ ಕೋಣೆಯಾಗಿತ್ತು. ಕಿಟಕಿ ಇರಲಿಲ್ಲ. ನೇಯುವವರ ಮನೆಯಲ್ಲಿ ಪಡುವಣ ಗೋಡೆಗೆ ಕಿಟಕಿ ಇಡುವುದೇ ಇಲ್ಲ, ಒಣಗಾಳಿಗೆ ಎಳೆ ಪಟಪಟನೆ ಹರಿಯುತ್ತವೆ. ಆದರೆ ನೂಲಿನ ದೂಳಿಗೆ ಮಾಸ್ತರರಿಗೆ ಕೆಮ್ಮು ಹತ್ತಿತು. ಗಾಳಿ ಬೆಳಕು ಇಲ್ಲದ ಖೋಲಿಯಲ್ಲಿ ಎಂತೆಂಥ ರೋಗ ಬರುತ್ತವೆ ಎಂದು ಅವರು ಬೇಸಿಗೆಯುದ್ದಕ್ಕೂ ಪಾಠ ಹೇಳಿದರು. ಕಳಕವ್ವ ಕಳಕಪ್ಪನನ್ನು ಕೇಳಿದಳು. ಬಲಗಡೆಯ ಹೂ ಬಿತ್ತು. ಗೌಂಡಿಯನ್ನು ಕರೆಸಿ ಗುಡ್ಡದ ಕಡೆಗೆ ದೊಡ್ಡ ಕಿಟಕಿ ಹಾಕಿಸಿಕೊಟ್ಟಳು.

ಅದೇ ಕಳಕಪ್ಪ ಹೇಳಿದ ಕಡೆಯ ಹೌದು.

ಆಮೇಲಿಂದ ಅವನು ಎಲ್ಲದಕ್ಕೂ ಬೇಡ ಅನ್ನತೊಡಗಿದ. ಗಿಣಿ ಹಸಿರು? ಬೇಡ. ಹಾಗಾದರೆ ದಾಳಿಂಬರಿ? ಅದೂ ಬೇಡ. ನೂಲು ತರಲಿಕ್ಕೆ ಹೋಗಲೇ? ಬೇಡ. ಯಾವಗಲ್ ಊರಿನಿಂದ ತಂಗಿಯನ್ನು ಕರೆಸಲೇ? ಅವಳೇನು ಪಾಪ ಮಾಡಿದ್ದಳೋ, ಬೇಡ. ಕಳಕವ್ವ ಕಂಗಾಲಾದಳು. ಎರಡು ಮಗ್ಗಕ್ಕೆ ಹಾಸು ಹೂಡದೆ ಖಾಲಿ ಬಿಟ್ಟಳು. ಕಳಕಪ್ಪನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ಎರಡು ಸೋಮವಾರ ಹೆಚ್ಚಿಗೆ ಎಣ್ಣೆ ಹಚ್ಚಿ ತಿಕ್ಕಿದಳು.

ಅಷ್ಟರಲ್ಲಿ ಸುಶೀಲಾ ಮ್ಯಾಟ್ರಿಕ್ ಪಾಸಾದಳು. ಸುಮ್ಮನೆ ಪಾಸಲ್ಲ, ವಿಜ್ಞಾನದಲ್ಲಿ ಸಾಲೆಗೇ ಮೊದಲು. ಮಾಸ್ತರರು ಓಣಿಗೆಲ್ಲ ಪೇಢೆ ಹಂಚಿದರು. ಧಾರವಾಡದ ಕಾಲೇಜಿಗೆ ಕಳಿಸಿ, ಹೆಣ್ಣುಮಕ್ಕಳಿಗೆ ಇರಲಿಕ್ಕೆ ಜಾಗವಿದೆ, ನಾನೇ ಮಾತಾಡುತ್ತೇನೆ ಎಂದರು. ಸುಶೀಲಾ ಅವ್ವನ ಮುಖವನ್ನೇ ನೋಡುತ್ತ ನಿಂತಳು. ಕಳಿಸಬೇಕು ಎಂದು ಕಳಕವ್ವನಿಗೆ ಭಾಳ ಇತ್ತು. ಕಳಿಸಿದರೆ ಈ ಮನೆಯಲ್ಲಿ ನಾನೊಬ್ಬಳೇ ಎಂಬುದೂ ಇತ್ತು. ಎಂದಿನಂತೆ ಭಾರವನ್ನು ಕಳಕಪ್ಪನ ಮೇಲೆ ಹಾಕಿದಳು.

ಎಡಗಡೆಯ ಹೂ ಬಿತ್ತು.

ಸುಶೀಲಾ ಅಂದು ರೊಟ್ಟಿ ತಿನ್ನಲಿಲ್ಲ. ಅಳಲೂ ಇಲ್ಲ. ಜಗಲಿಯ ಎದುರಿನ ಕಂಬಕ್ಕೆ ಒರಗಿ ಕೂತು ಕಳಕಪ್ಪನನ್ನು ದಿಟ್ಟಿಸುತ್ತಿದ್ದಳು, ಬಿಡಿಸಲಾಗದ ಲೆಕ್ಕವನ್ನು ದಿಟ್ಟಿಸಿದ ಹಾಗೆ. ಮರುದಿನ ಬೆಳಿಗ್ಗೆ ಅವ್ವನ ಸೆರಗು ಹಿಡಿದು ಎಳೆದಳು.

"ಯವ್ವಾ, ಇಲ್ಲೆ ಕುಂದರ ಬೇ. ಎಡಗಡೆ ಕೈ ಹಿಡಿ. ಏನ ತಾಕತೈತಿ?"

"ಗಾಳಿ."

"ಎಲ್ಲಿಂದ?"

ಕಳಕವ್ವ ತಿರುಗಿ ನೋಡಿದಳು. ಜಗಲಿಗೆ ಎದುರಿಗೆ, ತುಸು ಎಡಕ್ಕೆ ಮಾಸ್ತರರ ಖೋಲಿಯ ಬಾಗಿಲು, ಬಾಗಿಲಿಗೆ ನೇರ ಹೊಸ ಕಿಟಕಿ, ಕಿಟಕಿಯಾಚೆ ಗುಡ್ಡ. ಜೂನ್ ತಿಂಗಳ ಪಡುವಣ ಗಾಳಿ ಗುಡ್ಡ ಇಳಿದು, ಕಿಟಕಿ ಹೊಕ್ಕು, ಮಾಸ್ತರರ ಹಾಸಿಗೆ ದಾಟಿ, ಸೀದಾ ಕಳಕಪ್ಪನ ಎಡಗೆನ್ನೆಗೆ ಬಡಿಯುತ್ತಿತ್ತು. ಸುಶೀಲಾ ಓಡಿಹೋಗಿ ಕಿಟಕಿ ಮುಚ್ಚಿ ಬಂದು ಹೂ ಇಟ್ಟಳು. ಬಲಗಡೆ ದೀಪವಿತ್ತು. ಅದರ ಕಾವಿಗೆ ಆ ಕಡೆಯ ಹೂ ಬೇಗ ಒಣಗಿ ಜಾರಿತು. ಕಿಟಕಿ ತೆರೆದಳು, ಎಡಗಡೆಯದು ಬಿತ್ತು. ಮುಚ್ಚಿದಳು, ಬಲಗಡೆಯದು.

"ನಮ್ಮ ಕಳಕಪ್ಪ ಅಲ್ಲ ಬೇ ಬ್ಯಾಡ ಅಂದಿದ್ದು, ಮಾಸ್ತರ ಕಿಡಕಿ!"

"ಹುಚ್ಚಿ! ದೇವರನ್ನ ಪರೀಕ್ಷಾ ಮಾಡ್ತೀಯೇನ? ಮ್ಯಾಟ್ರಿಕ್ ಪಾಸಾದ ಕೂಡ್ಲೆ ದೇವರಿಗೆ ಪೇಪರ್ ತಗದೇನ?" ಎಂದು ಕಳಕವ್ವ ಮಗಳಿಗೆ ಬೈದು ನೀರಿಗೆ ಕಳಿಸಿದಳು.

ಬೈದಳು ನಿಜ. ಆದರೆ ಮಗಳು ಕೊಡ ಎತ್ತಿಕೊಂಡು ಓಣಿ ದಾಟಿದ್ದೇ ತಡ, ಬಾಗಿಲು ಮುಂದೆ ಮಾಡಿ ತಾನೇ ಜಗಲಿಯ ಮುಂದೆ ಕೂತಳು. ಕೂರುವ ಮೊದಲು ಕಿಟಕಿಯನ್ನು ಮತ್ತೆ ತೆರೆದಿಟ್ಟಿದ್ದಳು. ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರಬೇಕು, ಆಗಲೇ ಸುಳ್ಳು ಖರೇ ತಿಳಿಯುವುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ಹೊಳೆಯಿತು. ಕೈಮುಗಿದು ಕೇಳಿದಳು:

"ನನ್ನ ಹೆಸರು ಕಳಕವ್ವ, ಹೌದಲ್ಲೋ ನಮ್ಮಪ್ಪಾ?"

ಎಡಗಡೆಯ ಹೂ ಟಪ್ಪನೆ ಬಿತ್ತು.

"ಶಿವಶಿವಾ," ಎಂದಳು. ಮತ್ತೆ ಹೂ ಅದ್ದಿ ಇಟ್ಟಳು. "ಸುಶೀಲಾ ನನ್ನ ಮಗಳು, ಹೌದಲ್ಲೋ?"

ಅಲ್ಲವಂತೆ. ಕಳಕವ್ವನಿಗೆ ಸಿಟ್ಟು ಬಂತು. ಹೆತ್ತವಳು ತಾನು, ಅಲ್ಲ ಎನ್ನುವವನು ಯಾವನು? ಮೂರನೆಯ ಸಲ ಹೂ ಇಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ಇಳಿಸಿ ಕೇಳಿದಳು.

"ಹೋಗಲಿ. ನೀನರ ಇದ್ದೀಯೋ?"

ಗಾಳಿ ಜೋರಾಗಿಯೇ ಬಂತು. ಎಡಗಡೆಯ ಹೂ ಬಿದ್ದದ್ದಷ್ಟೇ ಅಲ್ಲ, ಉರುಳಿ ಅವಳ ಮಡಿಲಿಗೇ ಬಂದಿತು.

ಕಳಕವ್ವ ಅದನ್ನು ಎತ್ತಿ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗಲೇ ಮಾಸ್ತರರು ಬೆಳಗಿನ ಸಾಲೆ ಮುಗಿಸಿ ಬಂದರು. ಆದದ್ದನ್ನೆಲ್ಲ ಹೇಳಿದಳು. ಮಾಸ್ತರರ ಮುಖ ಅರಳಿತು.

"ನಾ ಏನ ಹೇಳ್ತಿದ್ನಿರಿ ಇಷ್ಟ ದಿನ? ಈಗ ಅವನ ಹೇಳಿದ, ನಾ ಇಲ್ಲ ಅಂತ!"

"ಅಲ್ರಿ ಮಾಸ್ತರ," ಎಂದಳು ಕಳಕವ್ವ ಕಣ್ಣೊರೆಸಿಕೊಂಡು, "ಇಲ್ಲದವ ನಾ ಇಲ್ಲ ಅಂತ ಹ್ಯಾಂಗ ಹೇಳ್ತಾನ್ರಿ?"

ಹೇಳಿದ್ದು ಗಾಳಿ ಎಂದರು ಮಾಸ್ತರರು. ಗಾಳಿ ಹೇಳಿದ್ದಾದರೆ ಕಳಕಪ್ಪ ಇಲ್ಲ ಅನ್ನಲೇ ಇಲ್ಲವಲ್ಲ, ಮತ್ತೆ ನೀವು ಗೆದ್ದದ್ದು ಹೇಗೆ ಎಂದು ಅವಳು ಕೇಳಿದಳು. ಮಾಸ್ತರರು ಅಂದು ಸಂಜೆ ಬಸ್ ಸ್ಟ್ಯಾಂಡಿನ ತನಕ ಅಡ್ಡಾಡಿ ಬಂದರೂ ಇದಕ್ಕೆ ಸರಿಯಾದ ಜವಾಬು ಸಿಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಮುಗಿದೇ ಹೋಗುತ್ತಿತ್ತು. ಕಿಟಕಿ ಮುಚ್ಚಿ ಮತ್ತೊಮ್ಮೆ ಕೇಳುವುದು, ಹುಡುಗಿ ಧಾರವಾಡಕ್ಕೆ ಹೋಗುವುದು. ಆದರೆ ಅಷ್ಟರಲ್ಲಿ ಫಕ್ಕೀರಪ್ಪನ ಕಿವಿಗೆ ಸುದ್ದಿ ಬಿತ್ತು. ಸುಶೀಲಾಗೆ ಅವನು ಒಂದು ವರ ನೋಡಿ ಇಟ್ಟಿದ್ದ. ಕಳಕಪ್ಪ ಬೇಡ ಅಂದನಂತೆ ಎಂದು ಹಿಗ್ಗುತ್ತ ಬಂದವನಿಗೆ ಸುಶೀಲಾಳೇ ಎದುರು ನಿಂತು, ಕಾಕಾ, ಅದು ಗಾಳಿ ಎಂದುಬಿಟ್ಟಳು. ಫಕ್ಕೀರಪ್ಪ ಪಟಗ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಹಂಗೇನ? ಅತ್ತಿಗಿ, ನೀ ಮಗ್ಗ ಇಟಗೊಂಡಿದ್ದು ಈ ಹೂವಿನ ಮ್ಯಾಲ. ನಾ ಸುಮ್ಮಕ ಎದ್ದು ಹೋಗಿದ್ದೂ ಈ ಹೂವಿನ ಮ್ಯಾಲ. ಈಗ ಹೂ ಅಂದ್ರ ಗಾಳಿ ಅಂತೀರಿ. ಅವತ್ತಿಂದು ಏನಾಗಿತ್ತು ಹಂಗಾರ?"

ಕಳಕವ್ವ ಜಗಲಿಯ ಕಡೆ ನೋಡಿದಳು. ಅಂದೂ ಬಲಗಡೆ ದೀಪವಿತ್ತು.

"ಸೋಮವಾರ ಓಣಿ ಹಿರ್‍ಯಾರ ಮುಂದ ಕೇಳೂಣು," ಎಂದ ಫಕ್ಕೀರಪ್ಪ. "ಕಿಡಕಿ ತಗದ ಇರಲಿ. ಕಿಡಕಿ ಹಾಕಂತ ಹೇಳಿದವನೂ ಕಳಕಪ್ಪನ ಹೌದಿಲ್ಲ?"

ಸೋಮವಾರದ ತನಕ ಕಳಕವ್ವನಿಗೆ ಊಟ ರುಚಿಸಲಿಲ್ಲ. ಮಗ್ಗದಲ್ಲಿ ಕೂತರೆ ಲಾಳಿ ಕೈತಪ್ಪುತ್ತಿತ್ತು. ಹೂ ಸುಳ್ಳೆಂದರೆ ತಾನು ಇಷ್ಟು ವರ್ಷ ಯಾರ ಬಲದಲ್ಲಿ ನಿಂತಿದ್ದೆ? ಹೂ ಖರೇ ಎಂದರೆ ಮಗಳ ಗತಿಯೇನು? ಈ ಎರಡರ ನಡುವೆ ಅವಳ ಜೀವ ಹಿಂಡಿಹೋಯಿತು. ಒಂದೇ ಸಮಾಧಾನವೆಂದರೆ, ಕಳಕಪ್ಪನ ಮೇಲೆ ಅವಳಿಗೆ ಸಿಟ್ಟು ಉಳಿದಿರಲಿಲ್ಲ. ಅವನನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಯಾರು ಯಾರೋ ಆಡಿದ್ದನ್ನೆಲ್ಲ ಹೊತ್ತುಕೊಂಡು ಎಣ್ಣೆ ಹಚ್ಚಿಸಿಕೊಂಡು ಕೂತಿದ್ದಾನೆ.

ಸೋಮವಾರ ಬೆಳಿಗ್ಗೆ ಪಡಸಾಲೆ ತುಂಬಿತು. ಓಣಿಯ ಹಿರಿಯ ನಿಜಲಿಂಗಪ್ಪಜ್ಜ ಕಂಬಕ್ಕೆ ಒರಗಿ ಕೂತ. ಫಕ್ಕೀರಪ್ಪ ತಾನೇ ಹೋಗಿ ಕಿಟಕಿಯ ಎರಡೂ ಬಾಗಿಲು ಸರಿಯಾಗಿ ತೆಗೆದು ಬಂದ. ಹೊರಗೆ ಗಾಳಿ ಬೀಸುತ್ತಿತ್ತು. ಕಳಕವ್ವ ಹೂ ಅದ್ದಿ ಇಟ್ಟಳು, ಕೈಮುಗಿದಳು.

"ನಮ್ಮಪ್ಪಾ, ಸುಶೀಲಾನ್ನ ಧಾರವಾಡಕ್ಕ ಓದಾಕ ಕಳಸಲೇನು?"

ಎಲ್ಲರೂ ಎಡಗಡೆಯ ಹೂವನ್ನೇ ನೋಡುತ್ತಿದ್ದರು. ಅದು ಅಲುಗಲಿಲ್ಲ. ಒಂದು ಎಸಳೂ ನಡುಗಲಿಲ್ಲ. ಸ್ವಲ್ಪ ಹೊತ್ತಾಯಿತು, ಮತ್ತಷ್ಟು ಹೊತ್ತಾಯಿತು. ಬಲಗಡೆಯ ಹೂ ದೀಪದ ಕಾವಿಗೆ ಒಣಗುತ್ತ ಒಂದು ಕೂದಲೆಳೆಯಷ್ಟು ಕೆಳಗೆ ಜಾರಿತು. ಫಕ್ಕೀರಪ್ಪನ ಹುಬ್ಬು ಗಂಟಾಯಿತು.

ಗಾಳಿ ಎಲ್ಲಿ ಹೋಯಿತು? ಕಳಕವ್ವ ಮೆಲ್ಲನೆ ಕತ್ತು ತಿರುಗಿಸಿದಳು. ಖೋಲಿಯ ಕಿಟಕಿ ತೆರೆದೇ ಇತ್ತು. ಆದರೆ ಅದರ ತುಂಬ ಪ್ರಭುಲಿಂಗಪ್ಪ ಮಾಸ್ತರರು ನಿಂತಿದ್ದರು. ಗಾಳಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಎರಡೂ ಕೈಯಲ್ಲಿ ಪೇಪರನ್ನು ಹಾಸಿಗೆಯಷ್ಟು ಅಗಲ ಬಿಚ್ಚಿ ಹಿಡಿದು ಓದುತ್ತಿದ್ದರು. ಅವರ ಧೋತರದ ಚುಂಗು ಎರಡೂ ಕಡೆಯಿಂದ ಪಟಪಟ ಹೊಡೆದುಕೊಳ್ಳುತ್ತಿತ್ತು. ಪೇಪರ್ ತಲೆಕೆಳಗಾಗಿತ್ತು. ದೇವರೇ ಇಲ್ಲ ಎನ್ನುವ ಮನುಷ್ಯ, ದೇವರ ಬಾಯಲ್ಲಿ ಹೌದು ಹೇಳಿಸಲು ಬೆಳಗಿನ ಚಳಿಗಾಳಿಯನ್ನೆಲ್ಲ ಬೆನ್ನ ಮೇಲೆ ಹೊತ್ತು ನಿಂತಿದ್ದರು.

ಕಳಕವ್ವನಿಗೆ ಅವರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ಕಣ್ಣು ಮಂಜಾಯಿತು. ಬಲಗಡೆಯ ಹೂ ಇನ್ನೊಂದಿಷ್ಟು ಜಾರಿತು. ಸುಮ್ಮನೆ ಕೂತರೆ ಸಾಕಿತ್ತು, ಅದು ಬಿದ್ದೇ ಬೀಳುತ್ತಿತ್ತು, ಫಕ್ಕೀರಪ್ಪ ಮತ್ತೆ ಪಟಗ ಸುತ್ತಿಕೊಂಡು ಹೋಗುತ್ತಿದ್ದ. ಆದರೆ ಅವಳಿಗೆ ಕೂತಿರಲಾಗಲಿಲ್ಲ. ಕಲ್ಲನ್ನು ನೋಡಿದರೆ ನಾಚಿಕೆಯಾಯಿತು. ಇಷ್ಟು ದಿನ ತಿಳಿಯದೆ ಆದದ್ದು ಬೇರೆ. ಕಂಡೂ ಕಂಡೂ ಅವನ ಬಾಯಿಗೆ ಕೈ ಅಡ್ಡ ಹಿಡಿದು, ನೋಡಿ ಹೌದು ಅಂದ ಎಂದು ನಾಕು ಮಂದಿಗೆ ಹೇಳುವುದು ಬೇರೆ.

"ಮಾಸ್ತರ, ಈ ಕಡೆ ಬರ್ರಿ."

"ನಾ ಪೇಪರ್ ಓದಾಕತ್ತೀನ್ರಿ."

"ತಲಿಕೆಳಗ ಓದೂದನ್ನ ಆಮ್ಯಾಲ ಓದ್ರಿ. ಬರ್ರಿ ಇಲ್ಲೆ."

"ಯವ್ವಾ!" ಎಂದಳು ಸುಶೀಲಾ, ಅಳುವ ದನಿಯಲ್ಲಿ.

ಮಾಸ್ತರರು ಪೇಪರ್ ಮಡಿಚಿ, ಸಿಕ್ಕಿಬಿದ್ದ ಹುಡುಗರಂತೆ ತಲೆ ತಗ್ಗಿಸಿ ಈಚೆ ಬಂದರು. ಅವರ ಹಿಂದೆಯೇ ಗಾಳಿಯೂ ಬಂತು. ಎಡಗಡೆಯ ಹೂ ಬಿತ್ತು.

"ಆತಲ್ಲ," ಎಂದು ಫಕ್ಕೀರಪ್ಪ ಎದ್ದುನಿಂತ. "ಬ್ಯಾಡ ಅಂದ. ಮುಗೀತು."

"ಬ್ಯಾಡ ಅಂದ," ಎಂದಳು ಕಳಕವ್ವ. ಬಿದ್ದ ಹೂವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಕಲ್ಲಿನ ಪಾದದ ಹತ್ತಿರ ಇಟ್ಟಳು. "ಗಾಳಿ ಅಂತೋ ಅವನ ಅಂದನೋ, ಯಾರ ಅಂದ್ರೂ ಅಷ್ಟ. ನಾ ಕಳಸ್ತೀನಿ."

ಫಕ್ಕೀರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ದೇವರ ಮಾತು ಮೀರ್ತೀಯೇನ ಅತ್ತಿಗಿ?"

"ಹೌದಪಾ, ಮೀರ್ತೀನಿ."

"ಹಂಗಂದ್ರ ನೀನೂ ಮಾಸ್ತರ ಪಕ್ಷ ಆದಿ ಅನ್ನು. ದೇವರಿಲ್ಲ ಅನ್ನೂವಕಿ ಆದಿ."

"ಮನಿಯಾಗ ಇದ್ದವನ ಮಾತನ್ನಷ್ಟ ಮೀರಾಕ ಬರತೈತಿ, ಫಕ್ಕೀರಪ್ಪ. ಇಲ್ಲದವನ ಮಾತನ್ನ ಯಾರರ ಮೀರ್ತಾರೇನು?" ಎಂದಳು ಕಳಕವ್ವ. "ನಿಮ್ಮಣ್ಣನ ಮಾತೂ ಮೀರಿದ್ದೆ, ಬೇಕಾದಷ್ಟ ಸಲ. ಮುನಿಸಿಕೊಂಡಿದ್ದ, ಸಮಾಧಾನ ಮಾಡಿದ್ದೆ. ಇವನಿಗೂ ಮಾಡ್ತೀನಿ. ಮಗ್ಗ ನಡಸಂದವ ಅವನ. ಆದ್ರ ಕುಣ್ಯಾಗ ಕಾಲ ಇಟ್ಟು ತುಳದಾಕಿ ನಾನಪಾ. ನನಗೂ ಒಂದು ಮಾತ ಇರಲಿ."

ಫಕ್ಕೀರಪ್ಪ ನಿಜಲಿಂಗಪ್ಪಜ್ಜನ ಮುಖ ನೋಡಿದ. ಅಜ್ಜ ಕೋಲು ಊರಿ ಎದ್ದ.

"ಇದು ಅವರಿಬ್ಬರ ಮನಿ ಜಗಳ," ಎಂದ. "ನಡೂವ ನಾವ್ಯಾಕ? ನಡಿ, ನಿನ್ನ ಪಟಗ ತಗೋ."

ಎಲ್ಲರೂ ಹೋದ ಮೇಲೆ ಸುಶೀಲಾ ಬಂದು ಅವ್ವನ ಕೊರಳಿಗೆ ಜೋತುಬಿದ್ದಳು. ಮಾಸ್ತರರು ಖೋಲಿಯ ಬಾಗಿಲಲ್ಲಿ ನಿಂತು ಮೂಗು ಸೀಟಿಕೊಂಡರು. ಚಳಿಗಾಳಿಗೆ ನೆಗಡಿ ಆಗಿದೆ ಎಂದರು.

ಮುಂದಿನ ವಾರ ಸುಶೀಲಾ ಧಾರವಾಡಕ್ಕೆ ಹೊರಟಳು. ಕಳಕವ್ವ ಬಸ್ಸಿನ ಕಿಟಕಿಯಲ್ಲಿ ಕೈ ತೂರಿಸಿ ಅವಳ ಸೆರಗಿನ ತುದಿಗೆ ಒಂದು ಒಣಗಿದ ಕಣಗಿಲೆ ಹೂ ಕಟ್ಟಿದಳು. ಯಾವ ಕಡೆಯದು ಬೇ ಎಂದು ಸುಶೀಲಾ ಕೇಳಿದಳು. ಎಡಗಡೆಯದು, ಮೀರಿ ಕಳಿಸ್ತಿದ್ದೀನಿ, ನೆಪ್ಪಿಟ್ಟುಕೊಂಡು ಓದು ಎಂದಳು ಕಳಕವ್ವ. ಬಸ್ಸು ಊರಿನ ಬೋರ್ಡಿನ ಹತ್ತಿರ ತಿರುಗುವ ತನಕ ಗಟ್ಟಿಯಾಗಿಯೇ ನಿಂತಿದ್ದಳು. ಮನೆಗೆ ಬರುವಾಗ ಮಾಸ್ತರರೂ ಅವಳೂ ಒಂದು ಮಾತೂ ಆಡಲಿಲ್ಲ, ಇದು ಓಣಿಯವರು ಹಿಂದೆಂದೂ ಕಾಣದ ಸಂಗತಿ.

ಮರುದಿನ ಬೆಳಿಗ್ಗೆ ಕಳಕವ್ವ ಎಂದಿನಂತೆ ಜಳಕ ಮಾಡಿ ಜಗಲಿಯ ಮುಂದೆ ಕೂತಳು. ಮನೆ ಭಣಗುಡುತ್ತಿತ್ತು. ಕೇಳುವುದಿಲ್ಲ ಎಂದು ಗಟ್ಟಿಮನಸ್ಸು ಮಾಡಿದ್ದಳು. ಆದರೂ ಕೈ ತಾನಾಗಿಯೇ ಎರಡು ಹೂಗಳನ್ನು ನೀರಿಗೆ ಅದ್ದಿತು, ಬಲಕ್ಕೊಂದು ಎಡಕ್ಕೊಂದು ಅಂಟಿಸಿತು. ಬಾಯಿ ತಾನಾಗಿಯೇ ಕೇಳಿತು.

"ಹುಡುಗಿ ಸುಸೂತ್ರ ಮುಟ್ಯಾಳೇನೋ ನಮ್ಮಪ್ಪಾ?"

ಗಾಳಿ ಬಂತು. ಎಡಗಡೆಯ ಹೂವಿನ ಎಸಳು ನಡುಗಿತು. ಕಳಕವ್ವನಿಗೆ ಎಲ್ಲವೂ ಗೊತ್ತಿತ್ತು, ಗುಡ್ಡ ಗೊತ್ತಿತ್ತು, ಕಿಟಕಿ ಗೊತ್ತಿತ್ತು, ದೀಪ ಗೊತ್ತಿತ್ತು. ಗೊತ್ತಿದ್ದರೂ, ಆ ಹೂ ಈಗ ಬೀಳಬಾರದು ಎಂದು ಕಣ್ಣು ಮುಚ್ಚಿಕೊಂಡಳು.

ಹಿಂದೆ ಖೋಲಿಯಲ್ಲಿ ಮಂಚ ಕಿರ್ರೆಂದಿತು. ಬರಿಗಾಲ ಸದ್ದು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಬಾರದು ಎಂಬಷ್ಟು ಮೆಲ್ಲಗೆ, ಕಿಟಕಿಯ ಎರಡೂ ಬಾಗಿಲು ಮುಚ್ಚಿ ಚಿಲಕ ಹಾಕಿದ ಸಪ್ಪಳ.

ಕಳಕವ್ವ ತಿರುಗಿ ನೋಡಲಿಲ್ಲ. ಕಣ್ಣು ತೆರೆದು ಬಲಗಡೆಯ ಹೂ ಬೀಳುವ ತನಕ ಕೂತಿದ್ದು, ಬಿದ್ದ ಮೇಲೆ ಸೆರಗು ಸರಿಮಾಡಿಕೊಂಡು ಎದ್ದು, ಮಾಸ್ತರರ ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದಳು.